ಯಕ್ಷಗಾನದ ಮುದ್ರಿಕೆಗಳಿಗೆ ಬ್ಲೂ-ರೇ ಬೇಕೋ, ಡಿವಿಡಿಯೇ ಸಾಕೋ?

ಡೊಂಬಿವಲಿಯ ಹವ್ಯಾಸಿ:

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಯಕ್ಷಗಾನ ಬಳಗವಿದೆ. 2004ರಿಂದ 2009ರವರೆಗೆ ಆಡಿದ ಆಟಗಳ 24 ಮಿನಿ ಡಿವಿ ಟೇಪುಗಳು (ಆಗಿನ ಕ್ಯಾಮೆರಾಗಳ ಸಣ್ಣ ಡಿಜಿಟಲ್ ಟೇಪು) ನಮ್ಮಲ್ಲಿವೆ. ಕಳೆದ ನವೆಂಬರಿನಲ್ಲಿ ಮೂರು ಗಂಟೆಯ ಪ್ರಸಂಗವೊಂದನ್ನು ಎರಡು ಕ್ಯಾಮೆರಾ ಇಟ್ಟು, ಸೆಕೆಂಡಿಗೆ 50 ಫ್ರೇಮಿನಂತೆ 1080ಪಿ (1080 ಗೆರೆಗಳ ಪೂರ್ಣ ಚಿತ್ರ) ಗುಣಮಟ್ಟದಲ್ಲಿ ಚಿತ್ರೀಕರಿಸಿದ್ದೇವೆ. ಒಂದು ಕ್ಯಾಮೆರಾ ರಂಗಸ್ಥಳದ ಮೇಲಿತ್ತು, ಇನ್ನೊಂದು ಇಡೀ ರಾತ್ರಿ ಹಿಮ್ಮೇಳವನ್ನೇ ನೋಡುತ್ತಿತ್ತು.

ಇವನ್ನು ಡಿಸ್ಕಿಗೆ ಹಾಕಿ ಬಳಗದ ಮನೆಗಳಿಗೆ ಹಂಚಬೇಕೆಂದಿದ್ದೇವೆ. ನೋಡುವವರು ರಿಮೋಟಿನಿಂದ ಬೇಕಾದ ಸನ್ನಿವೇಶಕ್ಕೆ ಹೋಗುವಂತಿರಬೇಕು, ಮನಸ್ಸಾದಾಗ ಭಾಗವತರನ್ನೂ ಚೆಂಡೆ-ಮದ್ದಳೆಯವರನ್ನೂ ನೋಡುವಂತಿರಬೇಕು, ಇಲ್ಲಿಯೇ ಹುಟ್ಟಿ ಬೆಳೆದು ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೆ ಭಾಗವತರ ಪದಗಳ, ಅಂದರೆ ಹಾಡುಗಳ, ಅರ್ಥ ಮರಾಠಿಯಲ್ಲಿ ಕಾಣುವಂತಿರಬೇಕು. ಇದಕ್ಕೆ ಬ್ಲೂ-ರೇ ಡಿಸ್ಕಿನಲ್ಲಿ ಜಾವಾ ಪ್ರೋಗ್ರಾಮು ಬರೆಸಬೇಕೆಂದು ಒಬ್ಬರು ಹೇಳಿದರು; ಡಿಸ್ಕಿನ ಕಾಲವೇ ಮುಗಿಯಿತೆಂದು ಇನ್ನೊಬ್ಬರು ಹೇಳಿದರು.

ಇನ್ನೊಂದು ಸಂಕಟವೂ ಇದೆ. ಹಿಂದೆ ಅಂಗಡಿಯೊಂದಕ್ಕೆ ಟೇಪು ಕೊಟ್ಟು ಡಿವಿಡಿ ಮಾಡಿಸಿದಾಗ, ಪುಂಡುವೇಷದವರು ಹಾರಿ ತಿರುಗುತ್ತ ದಿಗಿಣ ಹಾಕುವಲ್ಲೆಲ್ಲ ಕಾಲುಗಳು ಬಾಚಣಿಗೆಯ ಹಲ್ಲಿನಂತೆ ಗೆರೆಗೆರೆಯಾಗಿ ಸೀಳಿಕೊಂಡು ಕಾಣಿಸಿದವು. ದೋಷ ಟೇಪಿನದೋ, ಡಿವಿಡಿಯದೋ? ತಿಳಿದವರು ದಯವಿಟ್ಟು ವಿವರಿಸಬೇಕು.

ಪುಣೆಯ ಸಂಕಲನಕಾರ:

ಮೊದಲು ಕಾಲು ಸೀಳಿದ ವಿಷಯ. ದೋಷ ಟೇಪಿನದೂ ಅಲ್ಲ, ಡಿವಿಡಿಯದೂ ಅಲ್ಲ. ನಮ್ಮ ದೇಶದಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯ ಮಿನಿ ಡಿವಿಯಲ್ಲಿ ಸೆಕೆಂಡಿಗೆ 25 ಪೂರ್ಣ ಚಿತ್ರಗಳಿರುವುದಿಲ್ಲ, 50 ಅರ್ಧ ಚಿತ್ರಗಳಿರುತ್ತವೆ. 576 ಗೆರೆಗಳಲ್ಲಿ ಬೆಸ ಗೆರೆಗಳು ಒಂದು ಕ್ಷಣದವು, ಸಮ ಗೆರೆಗಳು ಅದರಿಂದ ಸೆಕೆಂಡಿನ ಐವತ್ತನೆಯ ಒಂದು ಪಾಲಿನಷ್ಟು ಅಂತರದ ಇನ್ನೊಂದು ಕ್ಷಣದವು. ಭಾಗವತರು ಕುಳಿತು ಹಾಡುವಾಗ ಈ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ. ಗಾಳಿಯಲ್ಲಿ ತಿರುಗುತ್ತಿರುವ ಕಾಲು ಮಾತ್ರ ಅಷ್ಟರಲ್ಲಿ ಒಂದು ಗೇಣು ಸರಿದಿರುತ್ತದೆ. ಅಂಗಡಿಯವರು ಎರಡು ಅರ್ಧಗಳನ್ನೂ ಹಾಗೆಯೇ ಹೊಲಿದು ಒಂದೇ ಚಿತ್ರ ಮಾಡಿದ್ದಾರೆ. ಡಿವಿಡಿಗೆ ಅರ್ಧ ಚಿತ್ರಗಳನ್ನು ಇದ್ದ ಹಾಗೆಯೇ ಹಾಕಲು ಬರುತ್ತದೆ. ಮಿನಿ ಡಿವಿಯಲ್ಲಿ ಕೆಳಗಿನ ಫೀಲ್ಡ್ (ಅರ್ಧ ಚಿತ್ರ) ಮೊದಲು ಬರುತ್ತದೆ ಎಂಬುದನ್ನು ಸಂಕಲನ ಮಾಡುವವರಿಗೆ ನೆನಪಿಸಿ. ಆ ಕ್ರಮ ತಿರುಗಮುರುಗಾದರೆ ವೇಷ ಕುಣಿಯುವ ಬದಲು ನಡುಗುತ್ತದೆ.

ಹಳೆಯ ಟೇಪುಗಳಿಗೆ ಡಿವಿಡಿಯೇ ಸಾಕು. ಅವುಗಳ ಚಿತ್ರ 720×576 ಮಾತ್ರ, ಡಿವಿಡಿಯದೂ ಅಷ್ಟೇ. ಅದನ್ನು 1920×1080ಕ್ಕೆ ಹಿಗ್ಗಿಸಿದರೆ ಹೊಸ ವಿವರವೇನೂ ಹುಟ್ಟುವುದಿಲ್ಲ. ಆದರೆ ಮೂರು ಗಂಟೆಯ ಆಟವನ್ನು 4.7 ಜಿಬಿಯ ಒಂದೇ ಡಿಸ್ಕಿಗೆ ತುರುಕಿದರೆ ಸೆಕೆಂಡಿಗೆ ಸುಮಾರು 3.5 ಮೆಗಾಬಿಟ್ ಮಾತ್ರ ದಕ್ಕುತ್ತದೆ. ಕಿರೀಟದ ಮಿಂಚೆಲ್ಲ ಚೌಕಚೌಕವಾಗಿ ಒಡೆಯುತ್ತದೆ. ಎರಡು ಡಿಸ್ಕು ಮಾಡಿ.

ಹೊಸ ಚಿತ್ರೀಕರಣಕ್ಕೆ ಬ್ಲೂ-ರೇ ಒಪ್ಪುತ್ತದೆ. ಇಲ್ಲಿ ಎಷ್ಟೋ ಮಂದಿ ಎಡವುವ ಒಂದು ಜಾಗವಿದೆ: ಸಾಮಾನ್ಯ ಬ್ಲೂ-ರೇ ನಿಯಮದಲ್ಲಿ ನೀವು ಚಿತ್ರೀಕರಿಸಿದ 50 ಫ್ರೇಮಿನ 1080ಪಿಗೆ ಅವಕಾಶವಿಲ್ಲ. ಒಂದೋ 50 ಅರ್ಧ ಚಿತ್ರಗಳ 1080ಐ ಆಗಬೇಕು, ಇಲ್ಲವೇ 50 ಪೂರ್ಣ ಚಿತ್ರಗಳ 720ಪಿ ಆಗಬೇಕು. ಮಾತಿನ ನಾಟಕವಾಗಿದ್ದರೆ ನಾನು ಮೊದಲನೆಯದನ್ನು ಹೇಳುತ್ತಿದ್ದೆ. ದಿಗಿಣ ಇರುವ ಕಲೆಗೆ ಎರಡನೆಯದೇ ಮೇಲು. ಸೆಕೆಂಡಿಗೆ 15 ಮೆಗಾಬಿಟ್ ಇಟ್ಟುಕೊಂಡರೆ ಮೂರು ಗಂಟೆಗೆ ಸುಮಾರು 20 ಜಿಬಿ ಬೇಕು. ಹಿಮ್ಮೇಳದ ಕ್ಯಾಮೆರಾವನ್ನೂ ಎರಡನೆಯ ಕೋನವಾಗಿ ಸೇರಿಸಿದರೆ 40 ಜಿಬಿ ದಾಟುತ್ತದೆ, ಆಗ 25 ಜಿಬಿಯ ಒಂದು ಪದರದ ಡಿಸ್ಕು ಸಾಲದು, 50 ಜಿಬಿಯದು ಬೇಕು.

ಇನ್ನು ಜಾವಾ. ನಿಮಗೆ ಅದು ಬೇಡ. ಕೋನ ಬದಲಿಸುವ ಸೌಲಭ್ಯ ಡಿವಿಡಿಯಲ್ಲಿಯೇ ಇದೆ, ಒಂಬತ್ತು ಕೋನಗಳವರೆಗೆ. ರಿಮೋಟಿನ ಮೇಲಿನ ‘ಆ್ಯಂಗಲ್’ ಗುಂಡಿ ಅದಕ್ಕಾಗಿಯೇ ಇರುವುದು, ಅದನ್ನು ಒತ್ತಿ ನೋಡಿದವರು ಕಡಿಮೆ ಅಷ್ಟೇ. ಮರಾಠಿ ಅರ್ಥವನ್ನು ಸಬ್‌ಟೈಟಲ್ ಆಗಿ ಹಾಕಿ. ಡಿವಿಡಿಯೊಂದರಲ್ಲಿ 32 ಪ್ರತ್ಯೇಕ ಸಬ್‌ಟೈಟಲ್ ಸರಣಿಗಳಿಗೆ ಜಾಗವಿದೆ. ಒಂದರಲ್ಲಿ ಪದದ ಸಾಹಿತ್ಯ, ಇನ್ನೊಂದರಲ್ಲಿ ಮರಾಠಿ, ಮತ್ತೊಂದರಲ್ಲಿ ಇಂಗ್ಲಿಷ್. ಬ್ಲೂ-ರೇಯ ಹೆಚ್ಚುಗಾರಿಕೆಯೆಂದರೆ ಆಟ ನಿಲ್ಲದೆಯೇ ಮೆನು ಪರದೆಯ ಮೇಲೆ ಏಳುತ್ತದೆ. ಡಿವಿಡಿಯಲ್ಲಿ ಮೆನು ಒತ್ತಿದರೆ ಆಟವನ್ನು ಬಿಟ್ಟು ಹೋಗಬೇಕು. ಆ ಏಳುವ ಮೆನುವಿಗೂ ಜಾವಾ ಅಗತ್ಯವಿಲ್ಲ.

ಇದೆಲ್ಲ ಹೊಸದಾಗಿದ್ದ 2006ರ ಹೊತ್ತಿಗೆ ನಾವು ಸಂಕಲನದವರು ಬಹಳ ಕನಸು ಕಂಡಿದ್ದೆವು. ಬ್ಲೂ-ರೇಯ ಎದುರಾಳಿಯಾಗಿದ್ದ, ತೊಶಿಬಾದ ಮುಂದಾಳತ್ವದ ಎಚ್‌ಡಿ ಡಿವಿಡಿಯಲ್ಲಿ ಡಿಸ್ಕಿನ ಸಂವಾದವನ್ನು, ಅಂದರೆ ನೋಡುವವರು ಒತ್ತಿದ್ದಕ್ಕೆ ಡಿಸ್ಕು ಪ್ರತಿಕ್ರಿಯಿಸುವ ಬಗೆಯನ್ನು, ವೆಬ್ ಪುಟದಂತೆ ಎಕ್ಸ್‌ಎಂಎಲ್ ಮತ್ತು ಜಾವಾಸ್ಕ್ರಿಪ್ಟಿನಲ್ಲಿ ಬರೆಯಬಹುದಿತ್ತು. ಎಲ್ಲ ಪ್ಲೇಯರುಗಳಲ್ಲೂ ಇಂಟರ್ನೆಟ್ ಕಿಂಡಿ ಇರಲೇಬೇಕೆಂಬ ನಿಯಮ ಮೊದಲ ದಿನದಿಂದಲೇ ಇತ್ತು. ಬ್ಲೂ-ರೇ ಆರಂಭದಲ್ಲಿ ಅಷ್ಟನ್ನು ಕಡ್ಡಾಯ ಮಾಡದೆ, ಚಿತ್ರದೊಳಗೆ ಚಿತ್ರ ಒಂದು ಹಂತ, ಇಂಟರ್ನೆಟ್ ಮತ್ತೊಂದು ಹಂತ ಎಂದು ಕಂತುಕಂತಾಗಿ ತಂದಿತು. ಸಂವಾದದಲ್ಲಿ ಮುಂದಿದ್ದ ಎಚ್‌ಡಿ ಡಿವಿಡಿಯೇ 2008ರ ಫೆಬ್ರುವರಿಯಲ್ಲಿ ಕಣದಿಂದ ಹಿಂದೆ ಸರಿಯಿತು. ಗೆದ್ದ ಬ್ಲೂ-ರೇಯಲ್ಲಿಯೂ ಇಂಟರ್ನೆಟ್ ನೆಚ್ಚಿಕೊಂಡ ಸವಲತ್ತುಗಳ ಆಯುಸ್ಸು ಸ್ಟುಡಿಯೋದ ಸರ್ವರ್ ನಡೆಯುವವರೆಗೆ ಮಾತ್ರ. ಬೇಕಾದ ಸನ್ನಿವೇಶಕ್ಕೆ ಒಯ್ಯುವ ಚಾಪ್ಟರು, ಕೋನ, ಸಬ್‌ಟೈಟಲು ಇವು ಡಿಸ್ಕಿನೊಳಗೇ ಇರುವುದರಿಂದ ಇಂದಿಗೂ ಕೆಲಸ ಮಾಡುತ್ತಿವೆ.

ಮಡಗಾಂವ್ ಕನ್ನಡಿಗ:

ಪುಣೆಯವರ ಮಾತಿಗೆ ಬಹುಮಟ್ಟಿಗೆ ನನ್ನ ಒಪ್ಪಿಗೆಯಿದೆ. ಆದರೆ ಡಿಸ್ಕನ್ನೇ ಮೂಲ ಪ್ರತಿಯೆಂದು ನಂಬಬೇಡಿ. ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ ಕಂಪನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಬೇರೆಯವರ ಡಿಸ್ಕುಗಳು ಸಿಗುತ್ತವೆ, ಆದರೆ ಮೆನು ಕಟ್ಟುವ ತಂತ್ರಾಂಶಗಳೂ ಒಂದೊಂದಾಗಿ ಹೋಗಿವೆ. ಅಡೋಬಿಯ ಎನ್‌ಕೋರ್ ಸಿಎಸ್6 ಆವೃತ್ತಿಯೊಂದಿಗೇ ಮುಗಿಯಿತು.

ಹಾಗೆಂದು ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದರೆ ಎಲ್ಲವೂ ಸರಿಯಾಯಿತೆಂದೂ ತಿಳಿಯಬೇಡಿ. ನಮ್ಮ ಮನೆಯ ಟಿವಿಯಲ್ಲಿ ಕನ್ನಡ ಸಬ್‌ಟೈಟಲಿನ ಕಡತ ಹಾಕಿದಾಗ ‘ಕೃಷ್ಣ’ ಎಂಬುದು ‘ಕೃಷ್‌ಣ’ ಎಂದು ಬಂತು. ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಸಾಲಿನಲ್ಲಿ ನಿಂತವು. ತಾಯಿಯವರು ಎರಡು ನಿಮಿಷ ನೋಡಿ, ‘ಇದನ್ನು ತೆಗೆ, ಹಾಡೇ ಅರ್ಥವಾಗುತ್ತದೆ’ ಎಂದರು. ಕಡತದಲ್ಲಿರುವುದು ಅಕ್ಷರಗಳ ಸಂಕೇತ ಮಾತ್ರ, ಅವನ್ನು ಜೋಡಿಸಿ ಬರೆಯುವ ಹೊಣೆ ಟಿವಿಯದು, ಅದಕ್ಕೆ ಕನ್ನಡ ಬಾರದಿದ್ದರೆ ಹೀಗಾಗುತ್ತದೆ. ಡಿವಿಡಿ ಮತ್ತು ಬ್ಲೂ-ರೇಗಳಲ್ಲಿ ರೂಢಿಯ ಸಬ್‌ಟೈಟಲು ಅಕ್ಷರವಲ್ಲ, ಚಿತ್ರ. ನೀವು ಕಂಪ್ಯೂಟರಿನಲ್ಲಿ ಹೇಗೆ ಬರೆದಿರೋ ಹಾಗೆಯೇ ಕಾಣುತ್ತದೆ. ಡಿವಿಡಿಯಲ್ಲಿ ಆ ಚಿತ್ರಕ್ಕೆ ಒಮ್ಮೆಗೆ ನಾಲ್ಕೇ ಬಣ್ಣ, ಆದ್ದರಿಂದ ನಮ್ಮ ದುಂಡಕ್ಷರಗಳ ಅಂಚು ಇಲಿ ಕಡಿದಂತಿರುತ್ತದೆ. ಬ್ಲೂ-ರೇಯಲ್ಲಿ 256 ಬಣ್ಣಗಳವರೆಗೆ ಅವಕಾಶವಿರುವುದರಿಂದ ಅಂಚು ನಯವಾಗಿರುತ್ತದೆ. ಕನ್ನಡಕ್ಕೆ ಬ್ಲೂ-ರೇ ಮಾಡಿದ ದೊಡ್ಡ ಉಪಕಾರ ಇದೇ ಎಂದು ನನ್ನ ಅನಿಸಿಕೆ, ಯಾರೂ ಇದನ್ನು ಹೇಳುವುದಿಲ್ಲ.

ಡೊಂಬಿವಲಿಯ ಹವ್ಯಾಸಿ:

ಇಬ್ಬರಿಗೂ ಕೃತಜ್ಞತೆಗಳು. ಹಳೆಯ ಟೇಪಿಗೆ ಡಿವಿಡಿ, ನವೆಂಬರಿನ ಆಟಕ್ಕೆ ಎರಡು ಕೋನಗಳ 50 ಜಿಬಿ ಬ್ಲೂ-ರೇ, ಮೂಲ ಕಡತಗಳನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ ಬೇರೆ ಬೇರೆ ಮನೆಗಳಲ್ಲಿ ಇಡುವುದು ಎಂದು ತೀರ್ಮಾನಿಸಿದ್ದೇವೆ. ನಿನ್ನೆ ಪೆಟ್ಟಿಗೆ ತೆರೆದಾಗ ಐದು ಟೇಪುಗಳ ಸುರುಳಿಯ ಅಂಚಿನಲ್ಲಿ ಬಿಳಿಯ ಹುಡಿ ಕಂಡಿತು. ಒಮ್ಮೆ ಕ್ಯಾಮೆರಾದಲ್ಲಿ ಓಡಿಸಿ ನೋಡಬಹುದೇ?

ಲ್ಯಾಮಿಂಗ್ಟನ್ ರಸ್ತೆಯವ:

ಖಂಡಿತ ಓಡಿಸಬೇಡಿ. ಅದು ಮುಂಬೈಯ ಮಳೆಗಾಲ ತಂದ ಬೂಸ್ಟು. ಅಂಥ ಟೇಪನ್ನು ಕ್ಯಾಮೆರಾಕ್ಕೆ ಹಾಕಿದರೆ ಹುಡಿ ಟೇಪು ಓದುವ ಹೆಡ್ಡಿಗೆ ಮೆತ್ತಿಕೊಂಡು, ಆಮೇಲೆ ಹಾಕುವ ಒಳ್ಳೆಯ ಟೇಪಿಗೂ ಅಂಟುತ್ತದೆ. ಆ ಐದನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಪ್ರತ್ಯೇಕ ಡಬ್ಬಿಯಲ್ಲಿ ಮುಚ್ಚಿಟ್ಟು, ಟೇಪು ಬಿಚ್ಚಿ ಸ್ವಚ್ಛ ಮಾಡಬಲ್ಲವರಿಗೆ ಕೊಡಿ. ಉಳಿದ 19ನ್ನು ಈಗಲೇ ಫೈರ್‌ವೈರ್ ಎಂಬ ಡಿಜಿಟಲ್ ತಂತಿಯ ಮೂಲಕ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹಳದಿ-ಬಿಳಿ-ಕೆಂಪು ಪಿನ್ನಿನ ತಂತಿ ಬಳಸಿದರೆ ಡಿಜಿಟಲ್ ಚಿತ್ರ ಅನಲಾಗ್ ಆಗಿ ಕೆಡುತ್ತದೆ. ಗಂಟೆಗೆ ಸುಮಾರು 13 ಜಿಬಿಯಂತೆ, ಒಂದು ಗಂಟೆಯ 19 ಟೇಪಿಗೆ 250 ಜಿಬಿ ಜಾಗ ಸಾಕು. ಹೊಸ ಕಂಪ್ಯೂಟರುಗಳಲ್ಲಿ ಫೈರ್‌ವೈರ್ ತಂತಿ ಚುಚ್ಚುವ ಕಿಂಡಿ ಇರುವುದಿಲ್ಲ. ಹಳೆಯ ಡೆಸ್ಕ್‌ಟಾಪಿಗೆ ಕಾರ್ಡು ಹಾಕಿಸಬೇಕು, ಎಲೆಕ್ಟ್ರಾನಿಕ್ಸ್ ಅಂಗಡಿಗಳೇ ತುಂಬಿರುವ ನಮ್ಮ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹುಡುಕಿದರೆ ಇನ್ನೂ ಸಿಗುತ್ತದೆ. ಕ್ಯಾಮೆರಾ ಕಡೆಯ ಕಿಂಡಿ ಸಣ್ಣದು, ನಾಲ್ಕು ಪಿನ್ನಿನದು. ಕಾರ್ಡಿನ ಕಡೆ ಸಾಮಾನ್ಯವಾಗಿ ಆರು ಪಿನ್ನು ಇರುತ್ತದೆ. ತಂತಿ ಕೊಳ್ಳುವಾಗ ಎರಡೂ ತುದಿ ನೋಡಿಯೇ ಕೊಳ್ಳಿ.