‘ವೆಚ್ಚ’ ಅಂದರೆ ಯಾರ ವೆಚ್ಚ? ಕರಾವಳಿಯ ಲೆಕ್ಕಕ್ಕೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ.

ಕರಾವಳಿಯ ಸಿಗಡಿ ಕೆರೆಗಳ ಬಗ್ಗೆ ಪಿಯುಸಿ ಮಕ್ಕಳಿಗೆ ಒಂದು ಪಾಠ ಬರೆಯುತ್ತಿದ್ದೇನೆ. ‘ಕಾಸ್ಟ್’, ‘ಬೆನಿಫಿಟ್’ ಎರಡನ್ನೂ ತೂಗಿ ನೋಡುವುದಕ್ಕೆ ‘ವೆಚ್ಚ-ಲಾಭ ವಿಶ್ಲೇಷಣೆ’ ಅನ್ನುವುದು ರೂಢಿ. ನಾನೂ ಹಾಗೇ ಬರೆದೆ. ಈಗ ಅದು ಸರಿ ಅನ್ನಿಸುತ್ತಿಲ್ಲ.

ಪಾಠದಲ್ಲಿ 1996ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪು ಬರುತ್ತದೆ. ಕೋರ್ಟ್ ಮುಂದಿದ್ದ ವರದಿಯಲ್ಲಿ, ಆಂಧ್ರ, ತಮಿಳುನಾಡಿನ ಸಿಗಡಿ ಕೆರೆಗಳ ಲೆಕ್ಕ ಹಾಕಿದ ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ), ಸಿಗಡಿ ಮಾರಿ ಬಂದದ್ದಕ್ಕಿಂತ ಆದ ಹಾನಿಯೇ ಜಾಸ್ತಿ ಎಂದಿತ್ತು. ಕುಡಿಯುವ ನೀರು ಉಪ್ಪಾಗಿತ್ತು, ಗದ್ದೆ ಕೆಟ್ಟಿತ್ತು, ಮೀನುಗಾರರು ಕಡಲಿಗಿಳಿಯುವ ದಾರಿ ಮುಚ್ಚಿತ್ತು. ನಾನು ಬರೆದ ಸಾಲು: ‘ಸಿಗಡಿ ಕೃಷಿಯಲ್ಲಿ ಲಾಭಕ್ಕಿಂತ ವೆಚ್ಚವೇ ಹೆಚ್ಚು.’

ಇದನ್ನು ಕುಮಟಾ ಹತ್ತಿರ, ಅಘನಾಶಿನಿ ದಂಡೆಯಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಓದಿ ಹೇಳಿದೆ. ನೀರಿಳಿದಾಗ ಹೊಳೆಗಿಳಿದು, ಕೆಸರಲ್ಲಿ ಕಾಲಿಂದಲೇ ತಡಕಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರು ಅವರು. (ಮಂಗಳೂರಿನವರು ಮರುವಾಯಿ ಅನ್ನುತ್ತಾರಲ್ಲ, ಅದೇ.) ಅವರ ಮನೆ ಪಕ್ಕದ ಗಜನಿಯಲ್ಲಿ, ಅಂದರೆ ಹೊಳೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಮೊದಲು ಕಗ್ಗ ಭತ್ತ ಬೆಳೆಯುತ್ತಿದ್ದರು. ಗೊಬ್ಬರ ಕೇಳದ, ಉಪ್ಪುನೀರಿಗೂ ಬಗ್ಗದ ಭತ್ತ. ಆಮೇಲೆ ಅಲ್ಲಿ ಸಿಗಡಿ ಕೆರೆ ಬಂತು, ಇವರ ಬಾವಿ ಉಪ್ಪಾಯಿತು.

ಚಿಕ್ಕಮ್ಮ ಕೇಳಿದ್ದು ಇಷ್ಟೇ: ‘ವೆಚ್ಚ ಜಾಸ್ತಿ ಆಗಿದ್ರೆ ಅವನೇ ಕೆರೆ ಬಿಡ್ತಿದ್ನಲ್ಲ? ನಮ್ಮ ಬಾವಿ ಯಾರ ವೆಚ್ಚ?’

ನಿಜ ಅಲ್ವಾ? ವೆಚ್ಚ ಅಂದರೆ ಕೈಯಿಂದ ಹೋದ ದುಡ್ಡು. ಒಡ್ಡು, ಮರಿ, ಫೀಡು, ಡೀಸೆಲ್ ಎಲ್ಲದಕ್ಕೂ ಕೆರೆಯವನ ಹತ್ತಿರ ಚೀಟಿ ಇದೆ. ಬಾವಿಗೆ ಚೀಟಿ ಇಲ್ಲ. ಲಾಭವೂ ಹಾಗೇ, ವ್ಯಾಪಾರ ಮಾಡಿದವನ ಕೈಗೆ ಉಳಿದದ್ದು. ಈ ಎರಡು ಪದ ಹಾಕಿದ ಕೂಡಲೇ ಲೆಕ್ಕ ಒಬ್ಬನದ್ದಾಗುತ್ತದೆ, ಊರು ಹೊರಗೆ ಉಳಿಯುತ್ತದೆ.

‘ಲಾಭ-ನಷ್ಟ’ ಅಂದರೆ ಲೆಕ್ಕ ಮುಗಿದ ಮೇಲೆ ಸಿಗುವ ಉತ್ತರ. ನನಗೆ ಬೇಕಾದದ್ದು ತಕ್ಕಡಿಯ ಎರಡು ತಟ್ಟೆಗಳ ಹೆಸರು. ‘ಸಾಧಕ-ಬಾಧಕ’ ಎಲ್ಲರಿಗೂ ಗೊತ್ತು, ಆದರೆ ‘ಎರಡು ಲಕ್ಷದ ಬಾಧಕ’ ಅನ್ನೋಕಾಗಲ್ಲ. ‘ಹಾನಿ’ ಬಾವಿಗೆ ಒಪ್ಪುತ್ತದೆ, ಡೀಸೆಲ್‌ಗೆ ಒಪ್ಪಲ್ಲ.

ಚಿಕ್ಕಮ್ಮ ಮಾತಿನ ಮಧ್ಯೆ ‘ಅವನಿಗೆ ದುಡ್ಡು ಬಂತು, ನಮಗೆ ಬಾವಿ ಹೋಯ್ತು’ ಅಂದರು. ‘ಬಂದದ್ದು-ಹೋದದ್ದು’ ಎಂದೇ ಇಡೋಣ ಅಂದುಕೊಂಡೆ. ಸರಳವಾಗಿದೆ, ಮಕ್ಕಳಿಗೂ ತಿಳಿಯುತ್ತದೆ. ಆದರೆ ಬಾವಿ ತಾನಾಗಿ ಹೋಗಲಿಲ್ಲವಲ್ಲ. ಬೇರೆಯವರ ಗಳಿಕೆಗಾಗಿ ಇವರು ಕೊಟ್ಟದ್ದು ಅದು.

ಆಗ ನೆನಪಾದದ್ದು ‘ತೆರು’. ತೆರಿಗೆ ಹುಟ್ಟಿದ್ದು ಇದರಿಂದಲೇ. ಹಣಕ್ಕೂ ಸಲ್ಲುತ್ತದೆ, ಹಣವಲ್ಲದ್ದಕ್ಕೂ ಸಲ್ಲುತ್ತದೆ: ದಂಡ ತೆತ್ತರು, ಪ್ರಾಣ ತೆತ್ತರು. ಕೆರೆಯವನು ಡೀಸೆಲ್‌ಗೆ ತೆತ್ತ, ಊರು ಸಿಹಿನೀರು ತೆತ್ತಿತು. ಮುಖ್ಯವಾಗಿ, ಯಾರು ಅನ್ನುವುದು ಇದರಲ್ಲಿ ಮರೆಯಾಗುವುದಿಲ್ಲ.

‘ಪಡೆದದ್ದು’, ‘ತೆತ್ತದ್ದು’ ಎಂದು ಪಟ್ಟಿಯ ತಲೆಯಲ್ಲಿ ಬರೆದರೆ ನಿಲ್ಲುತ್ತದಾ? ಓದುವಾಗ ತೊಡಕಾಗುತ್ತದಾ? ‘ತೆರು’ ಇಂದ ಇದಕ್ಕಿಂತ ಚಿಕ್ಕ ನಾಮಪದ ನಿಮ್ಮ ಕಡೆ ಬಳಕೆಯಲ್ಲಿದೆಯಾ? ಕಾರವಾರ, ಕುಂದಾಪುರ ಕಡೆಯವರು ದಯವಿಟ್ಟು ಹೇಳಿ. ಹೊಳೆ, ಗಜನಿ ಕಳೆದುಕೊಂಡಾಗ ಮನೆಯಲ್ಲಿ ಹಿರಿಯರು ಯಾವ ಮಾತು ಆಡುತ್ತಾರೆ?