ಹರಾಜಿನಲ್ಲಿ ಪಾಪುವಿನ ಹಳೇ ಸಾಮಾನು: ಯಾವುದಕ್ಕೆ ಬಿಡ್ ಮಾಡಲಿ, ಯಾವುದನ್ನು ಕೈಬಿಡಲಿ?

ಏಳನೇ ತಿಂಗಳು:

ಎಲ್ಲರಿಗೂ ನಮಸ್ಕಾರ. ನನಗಿದು ಮೊದಲ ಮಗು. ರಾತ್ರಿ ನಿದ್ದೆ ಬರುವುದಿಲ್ಲ, ಮೊಬೈಲಿನಲ್ಲಿ ಹರಾಜಿನ ಸೈಟ್ ನೋಡುತ್ತಾ ಮಲಗಿರುತ್ತೇನೆ. ಈಗ ನಾಲ್ಕು ಸಾಮಾನಿನ ಮೇಲೆ ಕಣ್ಣಿದೆ. ಕಾರಿನಲ್ಲಿ ಮಗುವನ್ನು ಕೂರಿಸುವ ಕಾರ್ ಸೀಟ್, ಮರದ ಕ್ರಿಬ್ (ಸುತ್ತ ಕಟಕಟೆ ಇರುವ ಮಗುವಿನ ಮಂಚ), ಮಗುವನ್ನು ಕೂರಿಸಿ ತಳ್ಳುವ ಸ್ಟ್ರಾಲರ್, ಎದೆಹಾಲು ತೆಗೆಯುವ ಬ್ರೆಸ್ಟ್ ಪಂಪ್. ಕ್ರಿಬ್ ಅಂತೂ ತುಂಬಾ ಇಷ್ಟವಾಗಿದೆ. ಒಂದು ಬದಿಯ ಕಟಕಟೆ ಕೆಳಗೆ ಜಾರುತ್ತದೆ, ಜಾಸ್ತಿ ಬಗ್ಗದೇ ಮಗುವನ್ನು ಎತ್ತಿಕೊಳ್ಳಬಹುದು. ಅದರ ಹರಾಜು ನಾಳೆ ರಾತ್ರಿ ಮುಗಿಯುತ್ತದೆ.

"ಯಾರೋ ಬಳಸಿದ್ದು ನಮಗ್ಯಾಕೆ" ಅಂತ ಅತ್ತೆ. "ಮಕ್ಕಳು ಬೇಗ ಬೆಳೆದುಬಿಡುತ್ತವೆ, ಹೊಸದಕ್ಕೆ ಯಾಕೆ ದುಡ್ಡು ಸುರಿಯಬೇಕು" ಅಂತ ನಮ್ಮೆಜಮಾನ್ರು. ಫೋಟೊದಲ್ಲಿ ಎಲ್ಲವೂ ಹೊಸದರ ಹಾಗೇ ಕಾಣುತ್ತವೆ. ಹೇಗೆ ತೀರ್ಮಾನ ಮಾಡುವುದು?

ಅವಳಿಗಳ ಅಪ್ಪ:

ಸ್ಟ್ರಾಲರ್‌ಗೆ ಕಣ್ಣುಮುಚ್ಚಿ ಬಿಡ್ ಮಾಡಿ. ನಮ್ಮ ಡಬಲ್ ಸ್ಟ್ರಾಲರ್ ಹರಾಜಿನದೇ. ಮಕ್ಕಳು ನಡೆಯಲು ಕಲಿತ ಮೇಲೆ ಅದನ್ನೇ ಮತ್ತೆ ಹರಾಜಿಗೆ ಹಾಕಿದೆವು, ಹೆಚ್ಚುಕಮ್ಮಿ ಕೊಟ್ಟಷ್ಟೇ ದುಡ್ಡು ಬಂತು.

ಮೂರು ಮಕ್ಕಳ ತಾಯಿ:

ಕಣ್ಣುಮುಚ್ಚಿ ಬೇಡ ಸ್ವಾಮಿ, ಬಿಟ್ಟುಕೊಂಡೇ ಮಾಡಲಿ.

ನಮ್ಮ ಮನೆಯ ಮಕ್ಕಳ ಸಾಮಾನಿನಲ್ಲಿ ಮುಕ್ಕಾಲು ಪಾಲು ಹರಾಜಿನಲ್ಲಿ ಬಂದದ್ದು. ಹಳೇದು ಅಂದರೆ ನನಗೆ ಮುಜುಗರ ಇಲ್ಲ. ಆದರೆ ಹರಾಜಿನಲ್ಲಿ ಮುಟ್ಟಿ ನೋಡಲು ಆಗುವುದಿಲ್ಲ, ಜೊತೆಗೆ ಗಡಿಯಾರ ಓಡುತ್ತಿರುತ್ತದೆ. ಅದಕ್ಕೇ, ಕೆಟ್ಟಿದ್ದರೆ ಕಣ್ಣಿಗೆ ಕಾಣುವಂಥ ಸಾಮಾನಿಗೆ ಮಾತ್ರ ನಾನು ಬಿಡ್ ಮಾಡುತ್ತೇನೆ. ಕೆಟ್ಟಿದ್ದರೂ ಕಾಣದ ಸಾಮಾನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಆ ಕ್ರಿಬ್ ಅನ್ನು ಇವತ್ತೇ ಲಿಸ್ಟಿನಿಂದ ತೆಗೆದುಬಿಡಿ ತಂಗಿ. ಕಟಕಟೆ ಜಾರುವ ಕ್ರಿಬ್‌ಗಳ ತಯಾರಿಕೆ, ಮಾರಾಟ ಎರಡನ್ನೂ ಅಮೆರಿಕದಲ್ಲಿ 2011ರ ಜೂನ್ 28ರಿಂದ ನಿಷೇಧಿಸಿದ್ದಾರೆ, ಸೆಕೆಂಡ್ ಹ್ಯಾಂಡ್ ಮಾರಾಟವೂ ಸೇರಿ. ಅದಕ್ಕೆ ಮುಂಚಿನ ಹತ್ತು ವರ್ಷಗಳಲ್ಲಿ 30ಕ್ಕೂ ಹೆಚ್ಚು ಶಿಶುಗಳು ಇಂಥ ಕ್ರಿಬ್‌ಗಳಲ್ಲಿ ಸತ್ತಿದ್ದವು. ಕಟಕಟೆ ಹಿಡಿದಿಡುವ ಪ್ಲಾಸ್ಟಿಕ್ ತುಂಡು ಸವೆದು ಮುರಿಯುತ್ತದೆ, ಒಂದು ಮೂಲೆ ಕಳಚಿಕೊಳ್ಳುತ್ತದೆ, ಹಾಸಿಗೆಗೂ ಕಟಕಟೆಗೂ ನಡುವೆ ಸಂದು ಬೀಳುತ್ತದೆ. ಮಗು ಅದರಲ್ಲಿ ಜಾರಿ ಸಿಕ್ಕಿಕೊಳ್ಳುತ್ತದೆ. ಹರಾಜಿನ ಕ್ರಿಬ್ ಪಾರ್ಸೆಲ್ ಆಗಬೇಕಾದರೆ ಬಿಚ್ಚಲೇಬೇಕು ಅಲ್ವಾ? ಬಿಚ್ಚಿ ಜೋಡಿಸಿದಷ್ಟೂ ಮರದ ತೂತುಗಳು ಸಡಿಲವಾಗುತ್ತವೆ, ಸ್ಕ್ರೂ ಒಂದೆರಡು ನಾಪತ್ತೆಯಾಗುತ್ತವೆ. ನಾಲ್ಕೂ ಬದಿ ಅಲುಗಾಡದ ಕ್ರಿಬ್ ಆದರೆ ಯೋಚಿಸಬಹುದು. ಕಂಬಿಗಳ ನಡುವೆ 6 ಸೆಂಟಿಮೀಟರಿಗಿಂತ ಜಾಸ್ತಿ ಜಾಗ ಇರಬಾರದು. ಅಳತೆ ಟೇಪ್ ಹಿಡಿದು ಫೋಟೊ ಕಳಿಸಿ ಅಂತ ಮಾರುವವರನ್ನು ಕೇಳಿ. ಹಾಸಿಗೆ ಮಾತ್ರ ಹೊಸದೇ ತನ್ನಿ, ಕ್ರಿಬ್‌ನ ಅಳತೆಗೆ ಸರಿಯಾಗಿ. ಬದಿಯಲ್ಲಿ ಎರಡು ಬೆರಳಿಗಿಂತ ಜಾಸ್ತಿ ಸಂದು ಕಂಡರೆ ಅದು ಚಿಕ್ಕದಾಯಿತು ಅಂತಲೇ ಅರ್ಥ.

ಕಾರ್ ಸೀಟ್ ಕೂಡ ಬೇಡ. ಒಮ್ಮೆ ಜೋರಾದ ಅಪಘಾತ ಕಂಡ ಸೀಟಿನ ಒಳಗಿನ ಫೋಮ್ ಬಿರುಕು ಬಿಟ್ಟಿರಬಹುದು. ಮೇಲೆ ಬಟ್ಟೆ ಒಗೆದು ಹಾಕಿದರೆ ಫೋಟೊದಲ್ಲಿ ಏನು ಗೊತ್ತಾಗುತ್ತದೆ? "ಅಪಘಾತ ಆಗಿಲ್ಲ" ಎಂದು ಗುರುತಿಲ್ಲದವರು ಬರೆದರೆ ನೀವು ಕೊಳ್ಳುವುದು ಅವರ ಮಾತನ್ನು, ಸೀಟನ್ನಲ್ಲ.

ಪಂಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಬ್ಬರೇ ಬಳಸಲು ಮಾಡಿದ ಪಂಪಿನ ಮೋಟರ್ ಕಡೆಗೆ ಹಾಲಿನ ಹನಿ ಹೋಗಿದ್ದರೆ ಅಲ್ಲಿಯವರೆಗೆ ಯಾವ ಬ್ರಷ್ಷೂ ತಲುಪುವುದಿಲ್ಲ. ಹಲವರು ಬಳಸಬಹುದಾದ ಪಂಪ್‌ಗಳು ಬೇರೆಯೇ ಇವೆ. ಅವಕ್ಕೂ ಕೊಳವೆ, ಬಟ್ಟಲು ಎಲ್ಲಾ ಸೇರಿದ ಸ್ವಂತ ಕಿಟ್ ಬೇಕು.

ಸ್ಟ್ರಾಲರ್‌ಗೆ ಧಾರಾಳವಾಗಿ ಬಿಡ್ ಮಾಡಿ. ಚಕ್ರ, ಬ್ರೇಕ್, ಸೊಂಟಕ್ಕೂ ಭುಜಕ್ಕೂ ಬರುವ ಬೆಲ್ಟ್, ಮಡಚುವ ಜಾಗದ ಲಾಕ್, ಎಲ್ಲವನ್ನೂ ವಿಡಿಯೊದಲ್ಲಿ ತೋರಿಸಿ ಅನ್ನಬಹುದು. ಮಾಡೆಲ್ ನಂಬರ್, ತಯಾರಾದ ತಿಂಗಳು ಇರುವ ಲೇಬಲ್ಲಿನ ಫೋಟೊ ಕೇಳಿ, ರೀಕಾಲ್ ಪಟ್ಟಿಯಲ್ಲಿ, ಅಂದರೆ ದೋಷ ಕಂಡು ಕಂಪನಿ ವಾಪಸ್ ಕರೆದ ಸಾಮಾನಿನ ಪಟ್ಟಿಯಲ್ಲಿ, ಹುಡುಕಿ. ರೀಕಾಲ್ ಅಂದರೆ ಎಸೆಯಬೇಕು ಅಂತಲೇ ಅಲ್ಲ. 2009ರ ನವೆಂಬರಿನಲ್ಲಿ ಮ್ಯಾಕ್ಲಾರೆನ್ ಕಂಪನಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಸ್ಟ್ರಾಲರ್ ರೀಕಾಲ್ ಮಾಡಿತು. ಮಡಚುವ ಕೀಲಿನಲ್ಲಿ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾಗಿತ್ತು. ಆಗ ಕಂಪನಿ ಮಾಡಿದ್ದು ಆ ಕೀಲಿಗೆ ಹಾಕುವ ಕವರ್ ಅನ್ನು ಪುಕ್ಕಟೆ ಕೊಟ್ಟಿದ್ದು. ಅಂಥ ಹಳೇ ಗಾಡಿ ಹರಾಜಿಗೆ ಬಂದರೆ ಕವರ್ ಇದೆಯಾ ಅಂತ ನೋಡಬೇಕು, ಅಷ್ಟೇ.

ಇನ್ನೊಂದು ಮಾತು. "ಒಮ್ಮೆಯೂ ಬಳಸಿಲ್ಲ, ಅಟ್ಟದ ಮೇಲಿತ್ತು" ಅಂತ ಬರೆದಿದ್ದರೆ ಜನ ಮುಗಿಬೀಳುತ್ತಾರೆ. ನಾನು ಮೊದಲು ಅನುಮಾನ ಪಡುವುದೇ ಅಂಥದ್ದರ ಮೇಲೆ. ಬಳಸದಿದ್ದರೂ ವಯಸ್ಸಾಗುತ್ತದೆ. ನಿಯಮ ಬಿಗಿಯಾಗುವ ಮುಂಚಿನ ಮಾದರಿ ಅಟ್ಟದಲ್ಲಿ ಕೂತು ಸುಧಾರಿಸುವುದಿಲ್ಲ.

ಏಳನೇ ತಿಂಗಳು:

ಅಕ್ಕಾ, ಕ್ರಿಬ್ ಮಾರುವವರಿಗೆ ಬರೆದೆ. "ಎರಡು ಬೋಲ್ಟ್ ಕಳೆದಿದ್ದವು, ಅಂಗಡಿಯಿಂದ ತಂದು ಹಾಕಿದ್ದೇವೆ, ಗಟ್ಟಿಯಾಗಿದೆ" ಎಂದರು. ಕೈಬಿಟ್ಟೆ. ಆದರೆ ಸ್ಟ್ರಾಲರ್‌ಗೆ ಆಗಲೇ ಯಾರೋ ಏರಿಸುತ್ತಿದ್ದಾರೆ. ನಾನೂ ಏರಿಸಲಾ?

ಅವಳಿಗಳ ಅಪ್ಪ:

ಸುಮ್ನೆ ಇರಿ. ಈಗಲೇ ಜಿದ್ದಿಗೆ ಬಿದ್ದರೆ ಬೆಲೆ ಏರುವುದು ನಿಮ್ಮಿಂದಲೇ. ಹೊಸದರ ಬೆಲೆ ನೋಡಿ, ಅದರಲ್ಲಿ ಎಷ್ಟರವರೆಗೆ ಹೋಗಬಹುದು ಅಂತ ತೀರ್ಮಾನಿಸಿ, ಅದರಿಂದ ಸಾಗಣೆ ಖರ್ಚು ಕಳೆಯಿರಿ. ಸ್ಟ್ರಾಲರ್ ಪಾರ್ಸೆಲ್ ದೊಡ್ಡದು, ಖರ್ಚೂ ದೊಡ್ಡದು. ಉಳಿದ ಮೊತ್ತವನ್ನು ಗರಿಷ್ಠ ಬಿಡ್ ಅಂತ ಕೊನೆಯ ಹೊತ್ತಿಗೆ ಒಂದೇ ಸಲ ಹಾಕಿ. ಈಬೇಯಂಥ ಸೈಟುಗಳು ಆ ಮಿತಿಯೊಳಗೆ ಅಗತ್ಯವಿದ್ದಷ್ಟನ್ನೇ ನಿಮ್ಮ ಪರವಾಗಿ ಏರಿಸುತ್ತವೆ. ಹೋದರೆ ಹೋಗಲಿ, ಸ್ಟ್ರಾಲರ್‌ಗಳಿಗೇನು ಬರ?

ಅಣ್ಣನ ಮನೆ ಸೀಟು:

ಕಾರ್ ಸೀಟ್ ವಿಷಯದಲ್ಲಿ ಮೂರು ಮಕ್ಕಳ ತಾಯಿ ಸ್ವಲ್ಪ ಜಾಸ್ತಿಯೇ ಹೆದರಿಸಿದರು ಅನಿಸಿತು. ನಾವು ಬಳಸುತ್ತಿರುವುದು ನಮ್ಮಣ್ಣನ ಮನೆಯದು, ಚೆನ್ನಾಗೇ ಇದೆ. ಹರಾಜಿನಲ್ಲಿ ಇನ್ನೊಂದು ಕಂಡಿತು, ರಾಕ್ ಎನ್ ಪ್ಲೇ ಅಂತ ಓರೆಯಾಗಿ ಮಲಗಿಸುವ ತೊಟ್ಟಿಲು. ಅದು ಹೇಗೆ?

ಮೂರು ಮಕ್ಕಳ ತಾಯಿ:

ನಿಮ್ಮಣ್ಣನ ಸೀಟು ಬೇರೆ ಮಾತು. ಅದರ ಚರಿತ್ರೆ ನಿಮಗೆ ಗೊತ್ತು. ಆದರೂ ತಳದಲ್ಲಿ ತಯಾರಾದ ದಿನಾಂಕ ಇರುತ್ತದೆ, ನೋಡಿ. ಸಾಮಾನ್ಯವಾಗಿ 6ರಿಂದ 10 ವರ್ಷ ಅಂತ ಕಂಪನಿಗಳೇ ಆಯಸ್ಸು ಹಾಕಿರುತ್ತವೆ.

ಆ ಓರೆ ತೊಟ್ಟಿಲನ್ನು ಮುಟ್ಟಲೂ ಬೇಡಿ. 2019ರ ಏಪ್ರಿಲಿನಲ್ಲಿ ಫಿಶರ್ ಪ್ರೈಸ್ ಕಂಪನಿ ಸುಮಾರು 47 ಲಕ್ಷ ರಾಕ್ ಎನ್ ಪ್ಲೇ ವಾಪಸ್ ಕರೆಯಿತು. ಓರೆಯಾಗಿ ಮಲಗಿದ ಮಗುವಿನ ತಲೆ ಮುಂದಕ್ಕೆ ಬಾಗಿ ಉಸಿರಿಗೆ ತೊಂದರೆಯಾಗಬಹುದು, ಮಗುಚಿಕೊಂಡರೆ ಇನ್ನೂ ಅಪಾಯ. ಅಮೆರಿಕದಲ್ಲಿ 2022ರ ಕಾನೂನು ಇಂಥ ಓರೆ ತೊಟ್ಟಿಲುಗಳನ್ನೂ ಕ್ರಿಬ್ ಸುತ್ತ ಕಟ್ಟುವ ಹತ್ತಿ ದಿಂಬುಗಳನ್ನೂ ಒಟ್ಟಿಗೇ ನಿಷೇಧಿಸಿತು. ಕ್ರಿಬ್ ಜೊತೆ ಆ ದಿಂಬು ಫ್ರೀ ಅಂತ ಬಂದರೆ ತೆಗೆದಿಡಿ.

ಏಳನೇ ತಿಂಗಳು:

ಸ್ಟ್ರಾಲರ್ ಸಿಕ್ಕಿತು! ನನ್ನ ಮಿತಿಗಿಂತ ಕಡಿಮೆಗೇ. ಬೆಲ್ಟ್ ಮೇಲೆ ಬಿಸ್ಕತ್ತಿನ ಕಲೆ ಇದೆ. ವಾಷಿಂಗ್ ಮೆಷಿನ್‌ಗೆ ಹಾಕಲಾ?

ಮೂರು ಮಕ್ಕಳ ತಾಯಿ:

ಬಟ್ಟೆಯ ಕವರ್ ಲೇಬಲ್ಲಿನಲ್ಲಿ ಒಗೆಯಬಹುದು ಅಂತಿದ್ದರೆ ಹಾಕಿ. ಬೆಲ್ಟ್ ಬೇಡ. ಒದ್ದೆ ಬಟ್ಟೆಗೆ ಚೂರು ಸೋಪು ಹಚ್ಚಿ ಒರೆಸಿ, ನೆರಳಲ್ಲಿ ಒಣಗಿಸಿ. ಬಕಲ್ ಅಂಟಂಟು ಅನಿಸಿದರೆ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಮಾತ್ರ ಬಿಡಬೇಡಿ, ಧೂಳು ಕೂರುತ್ತದೆ.