ಅಪ್‌ಡೇಟ್: ಹೊಸ ಗಾಲ್ಫ್ ಡ್ರೈವರ್‌ನ ಸ್ಲೈಸ್ ಕೊನೆಗೂ ಹತೋಟಿಗೆ ಬಂತು

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಕೊಂಡ ಡ್ರೈವರ್‌ನಲ್ಲಿ (ದೂರ ಹೊಡೆಯುವ ಉದ್ದದ ಗಾಲ್ಫ್ ದಾಂಡು) ನಾಲ್ಕು ತಿಂಗಳಾದರೂ ಚೆಂಡು ಬಲಕ್ಕೇ ತಿರುಗುತ್ತಿದೆ, ಅಂದರೆ ಸ್ಲೈಸ್ ಆಗುತ್ತಿದೆ ಅಂತ ಹತ್ತು ದಿನದ ಹಿಂದೆ ಕೇಳಿದ್ದೆ. ನಾನು ಬಲಗೈ ಆಟಗಾರ, ಆಡುವುದು ಕೆಜಿಎಫ್‌ನಲ್ಲಿ.

ಲಾಫ್ಟ್, ಅಂದರೆ ದಾಂಡಿನ ಮುಖದ ಓರೆ, 9ರಿಂದ 10.5 ಡಿಗ್ರಿಗೆ ಏರಿಸಿ ಅಂದಿರಿ. ಚೆಂಡು ಎತ್ತರಕ್ಕೆ ಹೋಯಿತು, ತಿರುಗುವುದು ಮಾತ್ರ ಅಷ್ಟೇನೂ ಕಡಿಮೆಯಾಗಲಿಲ್ಲ. ಹಿಡಿತ ಬದಲಿಸಿದ್ದು ನನಗೆ ಆಗಿಬರಲಿಲ್ಲ, ಚೆಂಡು ನೇರ ಎಡಗಡೆಯ ಪೊದೆಗೆ.

ಕೆಲಸಕ್ಕೆ ಬಂದಿದ್ದು ಪೌಡರ್ ಸಲಹೆ! ಡ್ರೈವರ್‌ನ ಮುಖಕ್ಕೆ, ಅಂದರೆ ಚೆಂಡಿಗೆ ತಾಗುವ ಭಾಗಕ್ಕೆ, ತೆಳ್ಳಗೆ ಟಾಲ್ಕಮ್ ಪೌಡರ್ ಹಚ್ಚಿ ಹತ್ತು ಚೆಂಡು ಹೊಡೆದೆ. ಎಂಟರ ಗುರುತು ಹಿಮ್ಮಡಿ ಕಡೆ, ಅಂದರೆ ಶಾಫ್ಟ್ (ದಾಂಡಿನ ಕೋಲು) ಹತ್ತಿರ. ಅಲ್ಲಿ ತಾಗಿದರೆ ಚೆಂಡಿಗೆ ಬಲಕ್ಕೆ ಬಾಗುವ ಸುತ್ತು ಜಾಸ್ತಿ ಬೀಳುತ್ತದಂತೆ. ಸ್ವಿಂಗ್ (ದಾಂಡು ಬೀಸುವ ರೀತಿ) ಸರಿಯಿದ್ದರೂ ಹೀಗಾಗಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.

ಕಾರಣ ಸುಲಭದ್ದು. ಹಳೆಯ ಡ್ರೈವರ್ 44 ಇಂಚು ಉದ್ದ, ಇದು 45.5. ನಿಲ್ಲುವ ಜಾಗ ಮಾತ್ರ ಹಳೆಯದೇ, ಈ ಉದ್ದಕ್ಕೆ ಅದು ತೀರಾ ಹತ್ತಿರ. ಈಗ ಒಂದು ಇಂಚು ಕೆಳಗೆ ಹಿಡಿಯುತ್ತೇನೆ, ಚೆಂಡಿನಿಂದ ಸ್ವಲ್ಪ ದೂರ ನಿಲ್ಲುತ್ತೇನೆ. ಗುರುತು ನಡುವಿಗೆ ಬಂತು. ಪೌಡರ್ ಹೇಳಿದವರಿಗೆ ತುಂಬಾ ಥ್ಯಾಂಕ್ಸ್, ಹೊಸ ಶಾಫ್ಟ್‌ನ ಖರ್ಚು ಉಳಿಯಿತು.

ಇನ್ನೊಂದು ಮಾತು. ಮಳೆಯಲ್ಲಿ ಬಿದ್ದಲ್ಲೇ ನಿಲ್ಲುತ್ತಿದ್ದ ಚೆಂಡು ಈಗ ಒಣ ನೆಲದಲ್ಲಿ ಉರುಳುತ್ತದೆ. ಹಾಗಾಗಿ ಹೆಚ್ಚಾದ ದೂರವೆಲ್ಲ ಡ್ರೈವರ್‌ನದ್ದೇ ಅಂದುಕೊಳ್ಳಬೇಡಿ. ನೆಲಕ್ಕೆ ಬೀಳುವವರೆಗಿನ ದೂರ ಮಾತ್ರ ಅಳೆಯಿರಿ.